ಮೀಟರ್ ಕಾಲಂನಲ್ಲಿ ರೇಷ್ಮೆಗೂಡು

ಅರ್ಜಿಯಲ್ಲಿ ಆರು ಕಾಲಂ ಇದ್ದವು. ಕ್ಯಾಮೆರಾ, ಲೆನ್ಸ್, ಸ್ಟ್ಯಾಂಡ್ ಎಂಬಲ್ಲಿ ಕೆಹಕಶಾನ್ ತಮ್ಮ ಬಳಿ ಇರುವುದನ್ನು ಬರೆದರು. ನಾಲ್ಕನೆಯದು ಲೈಟ್ ಮೀಟರ್. ಅದರ ಮುಂದೆ ‘ರೇಷ್ಮೆಗೂಡು’ ಎಂದು ಬರೆದು ಕೊಟ್ಟುಬಂದರು.

ಚನ್ನಪಟ್ಟಣದ ಗೊಂಬೆ ತಯಾರಕರ ಸಂಘವೊಂದು ತನ್ನ ಇನ್ನೂರು ಗೊಂಬೆಗಳ ಕ್ಯಾಟಲಾಗಿಗೆ ಫೋಟೊಗ್ರಾಫರನ್ನು ಹುಡುಕುತ್ತಿತ್ತು. ಕೆಹಕಶಾನ್ ರಾಮನಗರದವರು, ವಯಸ್ಸು ಮೂವತ್ತಾರು. ಹನ್ನೊಂದು ವರ್ಷದಿಂದ ಅವರು ತೆಗೆಯುತ್ತಿರುವುದು ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೊಗಳನ್ನು. ಅವು ಆಲ್ಬಮ್ಮಿಗೆ ಸೇರುತ್ತವೆ, ಆಲ್ಬಮ್ ಬೀರುವಿಗೆ ಸೇರುತ್ತದೆ. ಹೊರಗಿನವರಿಗೆ ತೋರಿಸಬಹುದಾದ ಒಂದು ಫೋಟೊ ಕೂಡ ಅವರ ಬಳಿ ಇಲ್ಲ. ಅವರ ಹೆಸರು ಅಚ್ಚಾಗುವುದಿದ್ದರೆ ಅದು ಈ ಕ್ಯಾಟಲಾಗಿನಲ್ಲೇ.

ಸಂಘದ ಕಾರ್ಯದರ್ಶಿ ನಂಜುಂಡಯ್ಯ ಮರುದಿನವೇ ಫೋನ್ ಮಾಡಿದರು.

“ಏನಮ್ಮಾ ಇದು? ನಾವು ಕೇಳಿರೋದು ಮೀಟ್ರು. ನೀನು ಗೂಡು ಅಂತ ಬರ್ದಿದ್ದೀಯ. ಇದೇನು ಗೂಡಿನ ಮಾರ್ಕೆಟ್ಟಾ?”

“ನನ್ ಮೀಟ್ರು ಅದೇ ಸಾರ್.”

“ಯಾರ್ತಾವನಾದ್ರೂ ಇಸ್ಕೊಂಡು ‘ಐತೆ’ ಅಂತ ಬರ್ದ್‌ಬುಡಮ್ಮ. ಕಮಿಟಿಯೋರು ನಗ್ತಾರೆ.”

“ನಗ್ಲಿ ಸಾರ್. ಇಲ್ದೇ ಇರೋದನ್ನ ಐತೆ ಅಂತ ಬರೆಯಾಕಿಲ್ಲ.”

ಕ್ಯಾಮೆರಾದೊಳಗೇ ಬೆಳಕು ಅಳೆಯುವ ವ್ಯವಸ್ಥೆ ಇರುತ್ತದೆ. ಆದರೆ ಅದು ಅಳೆಯುವುದು ವಸ್ತುವಿನಿಂದ ಹಿಂದಿರುಗಿ ಬರುವ ಬೆಳಕನ್ನು. ಜರಿ ಸೀರೆ ಕಂಡರೆ ಬೆಳಕು ಹೆಚ್ಚಾಯಿತೆಂದು ಫೋಟೊವನ್ನು ಕಪ್ಪಾಗಿಸುತ್ತದೆ, ಕಪ್ಪು ಬುರ್ಖಾ ಕಂಡರೆ ಕಡಿಮೆಯಾಯಿತೆಂದು ಬೂದಿ ಬಣ್ಣ ತರುತ್ತದೆ. ವಸ್ತುವಿನ ಮೇಲೆ ಬೀಳುವ ಬೆಳಕನ್ನೇ ಅಳೆಯುವ ಮೀಟರಿಗೆ ಮೂತಿಯಲ್ಲೊಂದು ಬಿಳಿ ಗುಮ್ಮಟವಿರುತ್ತದೆ. ಸುತ್ತಲಿನ ಬೆಳಕನ್ನು ಒಟ್ಟುಗೂಡಿಸುವುದು ಅದರ ಕೆಲಸ. ಅಂಥ ಗುಮ್ಮಟಗಳನ್ನು ಕೆಹಕಶಾನ್ ಹುಟ್ಟಿದಾಗಿನಿಂದ ಮೂಟೆಗಟ್ಟಲೆ ನೋಡಿದ್ದಾರೆ. ತಂದೆ ವಹಾಬ್ ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ರೀಲರ್.

ಕೆಹಕಶಾನ್ ಬಿಳಿ ಗೂಡೊಂದನ್ನು ಅಡ್ಡಕ್ಕೆ ಕತ್ತರಿಸಿ, ಹುಳು ತೆಗೆದು, ಬಿಸಿಲಲ್ಲಿ ಒಣಗಿಸಿ, ಅರ್ಧವನ್ನು ಫೋನಿನ ಬೆಳಕಿನ ಸೆನ್ಸರ್ ಮೇಲೆ ಕವುಚಿ ಹಾಕುತ್ತಾರೆ. ಫೋನಿನಲ್ಲೊಂದು ಸಂಖ್ಯೆ ಮೂಡುತ್ತದೆ. ಸ್ವಚ್ಛ ನಡುಹಗಲಿನ ಬಿಸಿಲಿಗೆ ಕ್ಯಾಮೆರಾವನ್ನು ಹೇಗೆ ಇಡಬೇಕೆಂದು ಹಿಂದೆ ಫಿಲ್ಮ್ ಡಬ್ಬಿಗಳ ಮೇಲೆಯೇ ಅಚ್ಚಾಗಿರುತ್ತಿತ್ತು. ಆ ಬಿಸಿಲಲ್ಲಿ ಬಂದ ಸಂಖ್ಯೆಯನ್ನು ಗೂಡಿನ ಮೇಲೆ ಪೆನ್ನಿನಿಂದ ಬರೆದಿಡುತ್ತಾರೆ. ಬೇರೆಲ್ಲಾದರೂ ಸಂಖ್ಯೆ ಅರ್ಧಕ್ಕಿಳಿದರೆ ಕ್ಯಾಮೆರಾಕ್ಕೆ ಎರಡರಷ್ಟು ಬೆಳಕು ಬಿಡಬೇಕು. ಲೆಕ್ಕ ಇಷ್ಟೇ. ಒಂದೊಂದು ಗೂಡಿನ ದಪ್ಪ ಒಂದೊಂದು ಥರ, ಹಾಗಾಗಿ ಒಂದರ ಸಂಖ್ಯೆ ಇನ್ನೊಂದಕ್ಕೆ ನಡೆಯುವುದಿಲ್ಲ.

ಪರೀಕ್ಷೆಯ ದಿನ ಗೊತ್ತಾದದ್ದು ಜುಲೈ ತಿಂಗಳ ಒಂದು ಬುಧವಾರ. ಬೆಳಿಗ್ಗೆ ಕೆಹಕಶಾನ್ ಕಿಟಕಿಯಲ್ಲಿಟ್ಟಿದ್ದ ಡಬ್ಬಿ ತೆರೆದರೆ ಖಾಲಿ. ತಾಯಿ ರಹೀಮಾ ಹಿಂದಿನ ದಿನ ಅದರಲ್ಲಿದ್ದ ಗೂಡನ್ನು ರೇಷ್ಮೆ ವೇಸ್ಟ್ ಕೊಳ್ಳುವವನ ಚೀಲಕ್ಕೆ ಸುರಿದಿದ್ದರು. ಕತ್ತರಿಸಿದ ಗೂಡಿನಿಂದ ನೂಲು ಬಿಚ್ಚಲಾಗದು. ರೀಲರ್ ಮನೆಯಲ್ಲಿ ಅಂಥದ್ದು ಕಂಡರೆ ಯಾರನ್ನೂ ಕೇಳದೆ ವೇಸ್ಟಿಗೆ ಹಾಕುತ್ತಾರೆ.

“ತೂತು ಗೂಡು ಇಟ್ಕೊಂಡು ಏನ್ ಮಾಡ್ತಿದ್ದೆ? ನನಗೇನ್ ಗೊತ್ತು, ನಿನ್ ಮಿಷನ್ನು ಅಂತ?” ಎಂದರು ರಹೀಮಾ.

ಆ ವಾರ ವಹಾಬ್ ತಂದಿದ್ದದ್ದು ಹಳದಿ ಗೂಡು ಮಾತ್ರ. ಕೆಹಕಶಾನ್ ಅದರಲ್ಲೊಂದನ್ನು ಕತ್ತರಿಸಿಕೊಂಡು ಬಸ್ ಹತ್ತಿದರು.

ಸಂಘದ ಅಂಗಳದಲ್ಲಿ ಮೇಜಿನ ಮೇಲೆ ಅರಗಿನ ಹೊಳಪಿನ ಎರಡು ಗೊಂಬೆಗಳಿದ್ದವು: ಕಪ್ಪು ಕುದುರೆ, ಹಳದಿ ಬುಗುರಿ. ಇನ್ನೊಬ್ಬ ಅಭ್ಯರ್ಥಿ ಪೇಟೆಯ ಸ್ಟುಡಿಯೊದ ಮಧು, ಕೊರಳಲ್ಲಿ ಅಸಲಿ ಮೀಟರ್ ತೂಗುಹಾಕಿಕೊಂಡು ಬಂದಿದ್ದರು. ಅವರ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಕೆಹಕಶಾನ್ ಹಳದಿ ಗೂಡು ಕವುಚಿ, ನೆನಪಿನಲ್ಲಿದ್ದ ಬಿಳಿ ಗೂಡಿನ ಸಂಖ್ಯೆಯೊಂದಿಗೆ ಹೋಲಿಸಿ ಕ್ಲಿಕ್ಕಿಸಿದರು. ಹಳದಿ ಗೂಡು ಬೆಳಕನ್ನು ಹೆಚ್ಚು ತಡೆಯುತ್ತದೆ ಎಂಬುದು ಅವಸರದಲ್ಲಿ ಹೊಳೆದಿರಲಿಲ್ಲ. ಸಂಖ್ಯೆ ಕಡಿಮೆ ತೋರಿ, ಕ್ಯಾಮೆರಾಕ್ಕೆ ಬಿಟ್ಟ ಬೆಳಕು ಅತಿಯಾಯಿತು. ಸಂಘದ ಲ್ಯಾಪ್‌ಟಾಪಿನಲ್ಲಿ ಕಪ್ಪು ಕುದುರೆ ಸುಣ್ಣ ಹೊಡೆದಂತೆ ಬಂತು.

“ಕುದ್ರೆ ಕತ್ತೆ ಆಗೋಯ್ತಲ್ಲಮ್ಮಾ!” ಎಂದರು ನಂಜುಂಡಯ್ಯ. ಅಂಗಳದಲ್ಲಿ ಸೇರಿದ್ದ ಜನ ನಕ್ಕರು.

“ಅಕ್ಕಾ, ನಂದು ತಗಳಿ,” ಮಧು ಮೀಟರ್ ಬಿಚ್ಚಿ ಚಾಚಿದರು. “ಇಲ್ಲಾಂದ್ರೆ ಸ್ಕ್ರೀನ್ ನೋಡ್ಕೊಂಡು ಒಸಿ ಕಮ್ಮಿ ಮಾಡಿ.”

“ಸ್ಕ್ರೀನು ಬಿಸಿಲಲ್ಲೊಂದು ಹೇಳ್ತದೆ, ನೆರಳಲ್ಲೊಂದು. ಇನ್ನೂರು ಗೊಂಬೆ ಒಂದೇ ಥರ ಬರ್ಬೇಕಲ್ವಾ? ತಪ್ಪು ನಂದು, ಗೂಡಿಂದಲ್ಲ. ಈ ಗೂಡಿನ ನಂಬ್ರು ತಗಳಾಕೆ ನೆತ್ತಿ ಬಿಸ್ಲು ಬರೋಗಂಟ ಕಾಯ್ತೀನಿ.”

“ಮೋಡ ಐತಲ್ಲಮ್ಮಾ!”

“ಹೋಗ್ತದೆ ಸಾರ್.”

“ಹೋಗ್ದಿದ್ರೆ?”

“ನಾಳೆ ಬತ್ತೀನಿ. ನಾಳೆನೂ ಮೋಡ ಇದ್ರೆ ನಾಡಿದ್ದು. ಬ್ಯಾಡ ಅನ್ನೋದಾದ್ರೆ ಈಗ್ಲೇ ಅಂದ್ಬುಡಿ, ಬಸ್ಸಿಗೆ ಹೋಗ್ತೀನಿ.”

ನಂಜುಂಡಯ್ಯ ಬೇಡ ಎನ್ನಲಿಲ್ಲ. ಟೀ ತರಿಸಿದರು. ಕೆಹಕಶಾನ್ ಅಂಗಳದ ನಡುವೆ ಕುರ್ಚಿ ಹಾಕಿಕೊಂಡು ಕೂತರು, ಟೀ ಮುಟ್ಟಲಿಲ್ಲ. ನಲವತ್ತು ನಿಮಿಷದ ಮೇಲೆ ಮೋಡ ಸರಿಯಿತು. ಮೇಜಿನ ಕಾಲುಗಳ ನೆರಳಿಗೆ ಚೂಪು ಅಂಚು ಬಂತು. ಅವರು ಎದ್ದು ಫೋನಿನ ಮೇಲೆ ಗೂಡಿಟ್ಟು, ಬಂದ ಸಂಖ್ಯೆಯನ್ನು ಗೂಡಿನ ಮೇಲೇ ಬರೆದರು. ಆಮೇಲೆ ಮೇಜನ್ನು ಜಗುಲಿಯ ನೆರಳಿಗೆ ಎಳೆಸಿ, ಮತ್ತೆ ಅಳೆದು, ಒಂದೊಂದು ಗೊಂಬೆಗೆ ಒಂದೇ ಸಲ ಕ್ಲಿಕ್ಕಿಸಿದರು.

ಕುದುರೆ ಕಪ್ಪಾಗಿತ್ತು. ಮೈಮೇಲೆ ಅರಗಿನ ಮಿಂಚು ಉಳಿದಿತ್ತು. ಬುಗುರಿ ಹಳದಿಯಾಗಿಯೇ ಇತ್ತು. ಮಧು ತಾವಾಗಿಯೇ ತಮ್ಮ ಮೀಟರನ್ನು ಗೊಂಬೆಗಳ ಪಕ್ಕ ಹಿಡಿದು ನೋಡಿದರು. ಇಬ್ಬರ ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸ.

“ಒಸಿ ಹೆಚ್ಚುಕಮ್ಮಿ ಐತೆ ಅಕ್ಕಾ.”

“ನಿಮ್ದು ಸೆಲ್ ಬದ್ಲಾಯಿಸಿ ನೋಡಿ.”

ಈ ಸಲ ಜನ ನಕ್ಕದ್ದು ಮಧುವನ್ನು ನೋಡಿ. ಅವರೂ ನಕ್ಕರು.

ಕಮಿಟಿ ಎರಡು ಸೆಟ್ ಫೋಟೊಗಳನ್ನೂ ಯಾರದೆಂದು ಹೇಳದೆ ನೋಡಿ, ನಾಲ್ಕನೇ ದಿನ ಕೆಲಸವನ್ನು ಕೆಹಕಶಾನ್‌ಗೆ ಕೊಟ್ಟಿತು. ಕರಾರಿಗೆ ಸಹಿ ಹಾಕಲು ಹೋದಾಗ ಅವರ ಅರ್ಜಿಯನ್ನು ಶುದ್ಧಪ್ರತಿ ಮಾಡಿಟ್ಟಿದ್ದರು. ನಾಲ್ಕನೇ ಕಾಲಂನಲ್ಲಿ ‘ಇದೆ’ ಎಂದು ಟೈಪ್ ಆಗಿತ್ತು.

“ಆಡಿಟ್‌ನೋರು ನೋಡ್ತಾರಮ್ಮ, ಅದ್ಕೇ ಹಂಗೆ,” ಎಂದರು ನಂಜುಂಡಯ್ಯ.

ಕೆಹಕಶಾನ್ ಪೆನ್ನು ತೆಗೆದು ಅದನ್ನು ಹೊಡೆದುಹಾಕಿದರು. ಪಕ್ಕದಲ್ಲಿ ಬರೆದರು: ‘ರೇಷ್ಮೆಗೂಡು, ಹಳದಿ, ಒಂದು.’ ಸಹಿ ಹಾಕಿದ್ದು ಆಮೇಲೆ.