ರೈಟ್ ಅಂದರೆ ಹೋಗಲಿ ಅಂತ

ಆ ಶುಕ್ರವಾರ ಬೆಳಿಗ್ಗೆ ಯೂನಿಯನ್ ಸಿಟಿಯ ನಮ್ಮ ಮನೆ ಮುಂದೆ ನಿಂತಿದ್ದವರು ಮೂರೇ ಜನ: ನಾನು, ನನ್ನ ಮಗಳು, ಮತ್ತು ಹಾಸನದಿಂದ ಬಂದು ಐದು ತಿಂಗಳಾಗಿದ್ದ ನನ್ನ ಅಪ್ಪ. ಯಜಮಾನರಿಗೆ ಆಫೀಸಿನ ಕೆಲಸ, ಅವರು ಬರಲಿಲ್ಲ. ಎದುರಿಗೆ ಎರಡು ದಿನದ ಪ್ರವಾಸಕ್ಕೆಂದು ಬಾಡಿಗೆಗೆ ತಂದ ಆರ್‌ವಿ. ಒಲೆ, ಫ್ರಿಜ್ಜು, ಬಚ್ಚಲು, ಮೂರು ಹಾಸಿಗೆ, ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡ ಬಿಳಿ ಬಸ್ಸು ಅದು.

ಬಸ್ಸು ಅಂದ ಮೇಲೆ ಹೇಳಲೇಬೇಕು. ಅಪ್ಪ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹಾಸನ–ಅರಸೀಕೆರೆ ರೂಟು. ನಮ್ಮ ಮನೆಯಲ್ಲಿ ಮಾತ್ರ ಅವರಿಗೆ ಮಾಡಲು ಏನೂ ಇರಲಿಲ್ಲ. ದೇವಸ್ಥಾನಕ್ಕೆ ನಾವು ಕರೆದುಕೊಂಡು ಹೋಗಬೇಕು, ಗ್ರೋಸರಿಗೂ ನಾವೇ ಕರೆದುಕೊಂಡು ಹೋಗಬೇಕು. “ನಾನಿಲ್ಲಿ ಬರೀ ಪ್ಯಾಸೆಂಜರು ಕಣಮ್ಮ” ಎಂದು ಒಂದು ದಿನ ನಗುತ್ತಲೇ ಅಂದಿದ್ದರು. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಮೊಮ್ಮಗಳ ಜೊತೆ ಮಾತಾಡೋಣವೆಂದರೆ, ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷು. ಇನ್ನು ಹದಿನೈದು ದಿನಕ್ಕೆ ಅಪ್ಪ ಊರಿಗೆ ಹೊರಡುವವರು. ಅಷ್ಟರೊಳಗೆ ಒಮ್ಮೆಯಾದರೂ ಅವರು ಪ್ಯಾಸೆಂಜರು ಅಲ್ಲದೆ ಇರಬೇಕು ಅನ್ನುವುದೇ ನನ್ನ ಆಸೆ.

ಅಪ್ಪ ಆರ್‌ವಿಯನ್ನು ಒಂದು ಸುತ್ತು ಹಾಕಿದರು. ನಾಲ್ಕೂ ಕಡೆ ಟೈರಿಗೆ ಚಪ್ಪಲಿಯಿಂದ ಮೆಲ್ಲಗೆ ಒದ್ದರು. “ಬಾಡಿ ಗಟ್ಟಿಯಾಗೈತೆ. ಆದ್ರೆ ಇಷ್ಟುದ್ದ ಗಾಡಿಗೆ ಒಂದೇ ಬಾಗ್ಲಾ? ಸಂತೆ ದಿನ ಏನ್ ಮಾಡ್ತಾರೆ?” ಎಂದು ಕೇಳಿದರು. ಮಗಳು ನಕ್ಕು ಸ್ಟಿಯರಿಂಗಿನ ಹಿಂದೆ ಕೂತಳು. ಪಕ್ಕದೂರು ನೆವಾರ್ಕಿನಲ್ಲಿ ಅವಳ ಕೆಲಸ. ಕಾರುಗಳಿಗೆ ತಾವಾಗಿಯೇ ಪಾರ್ಕ್ ಆಗುವುದನ್ನು ಕಲಿಸುವ ಕೆಲಸ! ಆರ್‌ವಿ ಎಂದರೆ ಸ್ವಲ್ಪ ಉದ್ದದ ಕಾರು ತಾನೇ ಎಂದು ನಾವೂ ನಂಬಿದ್ದೆವು.

ಫ್ರೀವೇ ಹತ್ತಿದ್ದೇ ತಡ, ಅಪ್ಪನಿಗೆ ಇಪ್ಪತ್ತು ವರ್ಷ ಕಡಿಮೆಯಾಯಿತು. “ಸ್ಯಾಕ್ರಮೆಂಟೋ, ಸ್ಯಾಕ್ರಮೆಂಟೋ! ಇಳಿಯೋರು ಮುಂದೆ ಬನ್ನಿ! ಯಾರ್ರೀ ಅದು ಟಿಕೆಟ್ ತಗೊಳ್ದೆ ಚಿಪ್ಸ್ ತಿಂತಿರೋದು?” ಚಿಪ್ಸ್ ತಿನ್ನುತ್ತಿದ್ದವಳು ನಾನೇ. ಉತ್ತರಕ್ಕೆ ಹೋದಷ್ಟೂ ಬೆಟ್ಟ ಎತ್ತರವಾಯಿತು, ಪೈನ್ ಮರಗಳು ದಟ್ಟವಾದವು. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಮರಗಳ ನಡುವಿನಿಂದ ನೀಲಿ ನೀರು ಎದ್ದು ಬಂತು. ನಾವು ಮೂವರೂ ಒಟ್ಟಿಗೇ ಕೂಗಿಬಿಟ್ಟೆವು. “ಇದೇನ್ ಕೆರೆನೋ ಸಮುದ್ರಾನೋ!” ಎಂದು ಅಪ್ಪ ಕಿಟಕಿಗೆ ಮೂಗು ಒತ್ತಿದರು.

ಕೆರೆಯ ಪಕ್ಕದ ಕ್ಯಾಂಪಿನಲ್ಲಿ ನಾವು ಮೊದಲೇ ಕಾದಿರಿಸಿದ್ದ ಜಾಗ ನೀರಿನ ಅಂಚಿಗೇ ಇತ್ತು. ಎರಡು ದೊಡ್ಡ ಪೈನ್ ಮರ, ಅವುಗಳ ನಡುವೆ ಆರ್‌ವಿ ನಿಲ್ಲುವಷ್ಟು ನೆಲ, ಬಲಗಡೆ ಊಟದ ಮರದ ಮೇಜು. ಒಳಗೆ ಹೋಗಬೇಕಾದರೆ ರಿವರ್ಸಿನಲ್ಲೇ ಹೋಗಬೇಕು. ನಾನು ಮೊದಲೇ ಇಳಿದು ಎರಡು ದಿನಕ್ಕೆಂದು ರುಬ್ಬಿ ತಂದಿದ್ದ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಮೇಜಿನ ಮೇಲಿಟ್ಟೆ.

ಅಪ್ಪ ಪಂಚೆ ಎತ್ತಿ ಕಟ್ಟಿ ಹಿಂದೆ ಹೋಗಿ ನಿಂತರು. “ಪುಟ್ಟಿ, ಕನ್ನಡೀಲಿ ನಾನು ಕಾಣ್ತಾ ಇರ್ಬೇಕು. ನಾನ್ ಹೇಳ್ದಂಗೆ ಬಾ.”

“ಓಕೆ ತಾತ!”

“ಬರ್ಲಿ, ಬರ್ಲಿ, ಬರ್ಲಿ…” ಗಾಡಿ ದಾರ ಎಳೆದಷ್ಟು ನೇರವಾಗಿ ಬರುತ್ತಿತ್ತು. ಅಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ಕೈ ಬೀಸಿ ಕೂಗಿದರು: “ರೈಟ್! ರೈಟ್! ರೈಟ್ ರೈಟ್ ರೈಟ್!”

ಮಗಳು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದಳು.

ಗಾಡಿಯ ಹಿಂಭಾಗ ಮೇಜಿನ ಕಡೆ ಹೊರಟಿತು. “ಹೋಲ್ಡಾನ್! ಹೋಲ್ಡಾನ್!” ಎಂದು ಅಪ್ಪ ಕಿರುಚಿದರು. ಮಗಳು ಸ್ಟಿಯರಿಂಗನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಡಬ್ ಎಂದಿತು. ಮೇಜು ಒಂದು ಗೇಣು ಜರುಗಿತು, ಪಾತ್ರೆ ಉರುಳಿತು, ಇಡ್ಲಿ ಹಿಟ್ಟೆಲ್ಲ ಪೈನ್ ಎಲೆಗಳ ಮೇಲೆ ಹರಿಯಿತು.

ಮಗಳು ಇಳಿದು ಓಡಿ ಬಂದಳು. “ತಾತ, ಯೂ ಸೆಡ್ ರೈಟ್!”

“ರೈಟ್ ಅಂದ್ರೆ ಹೋಗ್ಲಿ ಅಂತ ಕಣವ್ವ!”

“ರೈಟ್ ಅಂದ್ರೆ ರೈಟ್! ಆಮೇಲೆ ಹೋಲ್ಡ್ ಆನ್ ಅಂದ್ರಿ, ಸೋ ಐ ಹೆಲ್ಡ್ ಆನ್!”

“ಹೋಲ್ಡಾನ್ ಅಂದ್ರೆ ನಿಲ್ಲಿಸು ಅಂತ! ನಮ್ಮೂರಲ್ಲಿ ಹಸುಗೂಸಿಗೂ ಗೊತ್ತು!”

ನನಗೆ ನಗು ಬಂದುಬಿಟ್ಟಿತು. ನಗಬಾರದಿತ್ತು. ಅಪ್ಪನ ಮುಖ ಸಣ್ಣದಾಯಿತು. ಬಂಪರನ್ನು ಬೆರಳಿನಿಂದ ಸವರಿ ನೋಡಿದರು. ಅದಕ್ಕೆ ಏನೂ ಆಗಿರಲಿಲ್ಲ. ಆದರೂ ಅವರು, “ಮೂವತ್ತೆರಡು ವರ್ಷ, ಒಂದು ಗಾಡೀನೂ ತಾಗಿಸ್ಲಿಲ್ಲ ನಾನು” ಎಂದರು. ಆಮೇಲೆ ನನ್ನ ಕಡೆ ತಿರುಗದೆ, “ಆಯ್ತು ಬಿಡಮ್ಮ. ಪ್ಯಾಸೆಂಜರು ಪ್ಯಾಸೆಂಜರ್ ಥರಾನೇ ಕೂತ್ಕಬೇಕು” ಎಂದು ಮೇಜಿನ ಬೆಂಚಿನ ಮೇಲೆ ಕೂತು ಕಾಗದದಿಂದ ಹಿಟ್ಟು ಒರೆಸತೊಡಗಿದರು.

ಅಷ್ಟರಲ್ಲಿ ಕ್ಯಾಂಪು ನೋಡಿಕೊಳ್ಳುವ ಹೆಂಗಸು ಬಂದರು. ದೊಡ್ಡ ಟೋಪಿಯ ವಯಸ್ಸಾದಾಕೆ. ಮೂಗು ಅರಳಿಸಿ, ಈ ಹುಳಿ ವಾಸನೆ ಏನು, ಇಲ್ಲಿ ಕರಡಿ ಓಡಾಡುತ್ತದೆ, ಒಂದು ಹನಿ ಉಳಿಯಬಾರದು ಎಂದು ಹೇಳಿ ಹೋದರು. ನಾನೂ ಕೂತು ಬಳಿದೆ. ಇಡ್ಲಿ ಹಿಟ್ಟಿಗೆ ಕರಡಿ ಬಂದರೆ ಚಟ್ನಿಗೆ ಏನು ಮಾಡುವುದು ಎಂದು ಅಪ್ಪನನ್ನು ನಗಿಸಲು ನೋಡಿದೆ. ಅವರು ತಲೆ ಎತ್ತದೆ ಒರೆಸುತ್ತಲೇ ಇದ್ದರು.

ಆರ್‌ವಿ ಇನ್ನೂ ರಸ್ತೆಗೆ ಅಡ್ಡವಾಗಿತ್ತು. ಹಿಂದೆ ಎರಡು ಗಾಡಿ ಕಾಯುತ್ತಿದ್ದವು. ಮಗಳು ಗಾಡಿಯ ಹಿಂಬದಿಯ ಕ್ಯಾಮೆರಾ ನೋಡಿಕೊಂಡು ಮೂರು ಸಲ ಪ್ರಯತ್ನಿಸಿದಳು. ಒಮ್ಮೆ ಎಡದ ಮರ ಅಡ್ಡ ಬಂತು, ಒಮ್ಮೆ ಬಲದ ಮರ. ಮೂರನೆಯ ಸಲ ಮತ್ತೆ ಮೇಜೇ! ಕಾರುಗಳಿಗೆ ಪಾರ್ಕಿಂಗ್ ಕಲಿಸುವ ಹುಡುಗಿ ಬೆವರಿ ಕೆಳಗಿಳಿದಳು.

“ಅಮ್ಮ, ಬಸ್ಸಲ್ಲಿ ತಾತ ವಾಟ್ ಡಿಡ್ ಹೀ ಡೂ? ಇಂಜಿನ್ ಸೌಂಡಲ್ಲಿ ಹೌ ಡಿಡ್ ದ ಡ್ರೈವರ್ ಹಿಯರ್ ಹಿಮ್?”

“ವಿಶಲ್ ಹೊಡೀತಿದ್ರು. ಒಂದು ಹೊಡೆದ್ರೆ ನಿಲ್ಲು, ಎರಡು ಹೊಡೆದ್ರೆ ಹೋಗು.”

“ವಿಶಲ್!” ಎಂದಳು ಅವಳು. ಆಮೇಲೆ ಒಳಗೆ ಓಡಿ ತನ್ನ ಬೆನ್ನುಚೀಲ ತಂದಳು. ಕಾಡಿನಲ್ಲಿ ದಾರಿ ತಪ್ಪಿದರೆ, ಕರಡಿ ಕಂಡರೆ ಊದಲೆಂದು ಅದರ ಪಟ್ಟಿಗೆ ಒಂದು ಕಿತ್ತಳೆ ಬಣ್ಣದ ಸೀಟಿ ಸಿಕ್ಕಿಸಿದ್ದಳು. ಅದನ್ನು ಬಿಚ್ಚಿ ಅಪ್ಪನ ಮುಂದೆ ಹಿಡಿದಳು.

“ತಾತ. ಒಂದು, ನಿಲ್ಲು. ಎರಡು, ಹೋಗು. ಲೆಫ್ಟು ರೈಟು ಕೈಯಲ್ಲಿ ತೋರ್ಸಿ. ಮಾತು ಬೇಡ.”

ಅವಳ ಬಾಯಲ್ಲಿ ಒಟ್ಟಿಗೆ ಅಷ್ಟು ಕನ್ನಡವನ್ನು ನಾನು ಕೇಳಿಯೇ ಇರಲಿಲ್ಲ.

ಅಪ್ಪ ಸೀಟಿಯನ್ನು ತಿರುಗಿಸಿ ನೋಡಿದರು. “ಇದೇನು ಆಟದ ಸಾಮಾನಿದ್ದಂಗೈತೆ” ಎಂದರು. ಪಂಚೆಯ ಅಂಚಿಗೆ ಒರೆಸಿದರು. ಎದ್ದು ನಿಂತು, ಎದೆ ತುಂಬ ಉಸಿರೆಳೆದು, ಹೊಡೆದರು ನೋಡಿ!

ಅರಸೀಕೆರೆ ಸ್ಟ್ಯಾಂಡಿಗೆ ಸಾಲುವಷ್ಟು ದೊಡ್ಡ ಸೀಟಿ ಅದು. ನೀರಿನ ಮೇಲಿದ್ದ ಬಾತುಕೋಳಿಗಳೆಲ್ಲ ಒಟ್ಟಿಗೆ ಎದ್ದವು. ಟೋಪಿಯ ಹೆಂಗಸು ಮತ್ತೆ ಓಡೋಡಿ ಬಂದರು. ಕರಡಿ ಎಲ್ಲಿ, ಕರಡಿ ಎಲ್ಲಿ? ಮಗಳು ಎಲ್ಲವನ್ನೂ ವಿವರಿಸಿದಳು. ಆಕೆ ಸೊಂಟದ ಮೇಲೆ ಕೈಯಿಟ್ಟು ಅಪ್ಪನ ಪಂಚೆ ನೋಡಿದರು, ಸೀಟಿ ನೋಡಿದರು, ಅಡ್ಡ ನಿಂತ ಗಾಡಿ ನೋಡಿದರು. ಐದು ನಿಮಿಷ, ಅದೂ ಮೆತ್ತಗೆ, ಎಂದು ಹೇಳಿ ತಾವೂ ನೋಡುತ್ತಾ ನಿಂತರು.

ಪೀಪೀ. ಗಾಡಿ ಹಿಂದೆ ಬಂತು. ಅಪ್ಪನ ಎಡಗೈ ಹಕ್ಕಿಯ ರೆಕ್ಕೆಯ ಹಾಗೆ ಬೀಸಿತು. ಗಾಡಿ ಎಡಕ್ಕೆ ವಾಲಿತು. ಪೀ. ನಿಂತಿತು. ಅಪ್ಪ ಬಗ್ಗಿ ಚಕ್ರ ನೋಡಿ, ಮರ ನೋಡಿ, ಕನ್ನಡಿಯೊಳಗಿನ ಮೊಮ್ಮಗಳನ್ನು ನೋಡಿದರು. ಪೀಪೀ. ಎರಡು ಮರಗಳ ನಡುವೆ ಆ ಬಿಳಿ ಬಸ್ಸು ಬೆಣ್ಣೆಯಲ್ಲಿ ಜಾರಿದಂತೆ ಒಳಗೆ ಹೋಯಿತು. ಎರಡೂ ಕಡೆ ನಾಲ್ಕು ಬೆರಳು ಜಾಗ. ಪೀ!

ಕಾಯುತ್ತಿದ್ದ ಗಾಡಿಗಳವರು ಹಾರ್ನ್ ಹೊಡೆದು ಚಪ್ಪಾಳೆ ತಟ್ಟಿದರು. ಮಗಳು ಹಾರಿ ಇಳಿದು ತಾತನನ್ನು ತಬ್ಬಿಕೊಂಡಳು. ಅಪ್ಪ ಗಾಡಿಯ ಮೈಯನ್ನು ಅಂಗೈಯಿಂದ ಒಂದು ಸಲ ತಟ್ಟಿ, ನನಗೆ ಕೇಳಲೆಂದೇ ಜೋರಾಗಿ, “ಡ್ರೈವರ್ ಪರವಾಗಿಲ್ಲ. ಹೊಸಬಳು, ಆದ್ರೂ ಪರವಾಗಿಲ್ಲ” ಎಂದರು.

ಇಡ್ಲಿ ಇಲ್ಲದ ಆ ಎರಡು ದಿನ ಉಪ್ಪಿಟ್ಟಿನಲ್ಲೇ ಕಳೆಯಿತು. ಆದರೆ ಭಾನುವಾರ ಬೆಳಿಗ್ಗೆ ನಾವು ಕೆರೆಯಲ್ಲಿ ಕಾಲು ಬಿಟ್ಟು ಕೂತಿದ್ದಾಗ ಟೋಪಿಯ ಹೆಂಗಸು ಬಂದು, ಪಕ್ಕದ ತಿರುವಿನಲ್ಲಿ ಒಂದು ಗಾಡಿ ಸಿಕ್ಕಿಕೊಂಡಿದೆ, ಸೀಟಿಯವರು ಬಿಡುವಾಗಿದ್ದಾರಾ ಎಂದು ಕೇಳಿದರು. ನಾನು ಅನುವಾದ ಮಾಡುವ ಮೊದಲೇ ಅಪ್ಪ ಚಪ್ಪಲಿ ಮೆಟ್ಟಿದ್ದರು.

ಅದರ ಮುಂದಿನ ಶನಿವಾರ ಮೂವರೂ ಗ್ರೋಸರಿಗೆ ಹೋದೆವು. ಇಡ್ಲಿ ಅಕ್ಕಿ, ಉದ್ದಿನಬೇಳೆ ಕೊಂಡು ಹೊರಗೆ ಬಂದರೆ ನಮ್ಮ ಕಾರಿನ ಎರಡೂ ಪಕ್ಕ ದೊಡ್ಡ ಗಾಡಿಗಳು. ಅಪ್ಪ ಯಾರೂ ಹೇಳದೆ ಹಿಂದೆ ಹೋಗಿ ನಿಂತರು. ಜೇಬಿನಲ್ಲಿ ಸೀಟಿ ಇರಲಿಲ್ಲ. ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, “ತಾತ, ರೈಟಾ, ಹೋಲ್ಡಾನಾ?” ಎಂದು ಕೇಳಿದಳು.

ಅಪ್ಪ ಎರಡೂ ಕಡೆ ನೋಡಿ, “ರೈಟ್ ರೈಟ್!” ಎಂದರು.

ಅವಳು ಸ್ಟಿಯರಿಂಗ್ ತಿರುಗಿಸಲಿಲ್ಲ. ನೇರವಾಗಿ ಹಿಂದಕ್ಕೆ ಬಂದಳು.