ಮಡಿಕೆಯ ಮಾತು

ಮೆಟ್ರಿ ಊರಿನ ನಮ್ಮ ಮನೆಯ ಬಚ್ಚಲ ಪಕ್ಕದಲ್ಲಿ ಮಸಿ ಹಿಡಿದ ಮಣ್ಣಿನ ಮಡಿಕೆಯೊಂದಿದೆ. ಅದರಲ್ಲಿ ಅಜ್ಜಿ ಕರಿಜಾಲಿ ಮರದ ತೊಗಟೆಯ ಚಕ್ಕೆ ಕುದಿಸಿ ದಿನಾ ಬಾಯಿ ಮುಕ್ಕಳಿಸುತ್ತಾಳೆ. ಎಂಬತ್ತು ದಾಟಿದ ಆಕೆ ಹುರಿಗಡಲೆಯನ್ನು ಕಟಕಟನೆ ಕಡಿಯುವಾಗ, ಇಪ್ಪತ್ತಮೂರರ ನಾನು ಹುಳುಕು ಹಲ್ಲಿನ ದವಡೆ ಹಿಡಿದುಕೊಂಡೇ ಆಕೆಯ ಗಳಗಳ ಸದ್ದನ್ನು ಅಣಕಿಸುತ್ತಿರುತ್ತೇನೆ. ಊರಿನಲ್ಲಿ ನನ್ನ ಅಣಕಕ್ಕೆ ಸಿಗದವರಿಲ್ಲ. ನನ್ನನ್ನು ಅಣಕಿಸಲು ಆ ಹಲ್ಲೊಂದೇ ಸಾಕು.

ನನ್ನ ಅಕ್ಕ ದೂರದ ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ವಿದ್ಯಾರ್ಥಿನಿ. ಹಲ್ಲಿನ ಮೇಲೆ ಬದುಕುವ ಒಂದು ಬ್ಯಾಕ್ಟೀರಿಯಾ, ಸಕ್ಕರೆ ಸಿಕ್ಕಿದ್ದೇ ತಡ, ತನ್ನ ಕಿಣ್ವದಿಂದ ಅಂಟು ಮಾಡಿಕೊಂಡು ಅಲ್ಲೇ ಠಿಕಾಣಿ ಹೂಡುತ್ತದಂತೆ. ಸುತ್ತಲೂ ಕಬ್ಬು ಬೆಳೆಯುವ ಸೀಮೆಯಲ್ಲಿ ಅದಕ್ಕೇನು ಬರಗಾಲವೇ! ಆ ಕಿಣ್ವವನ್ನು ಅಜ್ಜಿಯ ಕಷಾಯ ತಡೆಯಬಲ್ಲದೇ ಎಂಬುದೇ ಅಕ್ಕನ ಪ್ರಾಜೆಕ್ಟು. ಒಪ್ಪಿಸಲು ಹದಿನೈದೇ ದಿನ. ಕೈಕೊಟ್ಟರೆ ಅವಳ ಒಂದು ವರ್ಷ ನೀರುಪಾಲು.

ಅಜ್ಜಿ ಸಂಡೂರಿನ ಮಗಳ ಮನೆಗೆ ಹೊರಟಿದ್ದರಿಂದ ಕಷಾಯದ ಹೊಣೆ ನನ್ನ ಹೆಗಲಿಗೆ ಬಿತ್ತು. "ಮಡಿಕ್ಯಾಗ ಕುದಿಸು ಲೇ, ಬ್ಯಾರೆದ್ರಾಗ ಬ್ಯಾಡ," ಎಂದು ಹೇಳಿಯೇ ಬಸ್ಸು ಹತ್ತಿದಳು. ನಾನು ಆ ಮಾತನ್ನು ಆಕೆಯದೇ ದನಿಯಲ್ಲಿ ಮೂರು ಸಲ ಆಡಿ, ಮನೆಮಂದಿಯನ್ನೆಲ್ಲ ನಗಿಸಿ, ಜಲ್ದಿ ಕುದಿಯಲೆಂದು ಚಕ್ಕೆಯನ್ನು ಕಬ್ಬಿಣದ ಬಾಣಲೆಗೆ ಸುರಿದೆ. ಕಷಾಯ ಶಾಯಿಯಂತೆ ಕಪ್ಪಾಯಿತು. ಆಹಾ, ಎಂಥ ಖಡಕ್ಕು ಎಂದು ಬೀಗುತ್ತಾ ಬಾಟಲಿಗೆ ತುಂಬಿ ಅಕ್ಕನಿಗೆ ಕಳಿಸಿದೆ.

ಮೂರನೆಯ ದಿನ ಅಕ್ಕನ ಫೋನು ಬಂತು. "ಅಂಟು ಹಂಗೇ ಕುಂತೈತಲೋ, ಏನೂ ಆಗಿಲ್ಲ," ಎಂದಳು. ಅವಳನ್ನು ಅಣಕಿಸುವ ಬದಲು ನಾನು ಡಬ್ಬಿ ತೆರೆದು, ಚಕ್ಕೆ ಇನ್ನೆಷ್ಟು ಉಳಿದಿದೆಯೆಂದು ನೋಡಿದೆ.

ಊರಿಗೆ ಮರಳಿದ ಅಜ್ಜಿ ಬಾಣಲೆಯ ತಳ ನೋಡಿದಳು. "ಕಬ್ಣದಾಗ ಕುದಿಸಿಯೇನಲೇ? ನನ್ನ ದನಿ ಕಲ್ತಿ, ಮಾತು ಕಲೀಲಿಲ್ಲ."

ಚಕ್ಕೆಯ ಒಗರು ಕಬ್ಬಿಣದೊಡನೆ ಕೂಡಿ ಕೆಟ್ಟಿರಬೇಕೆಂದು ಅಕ್ಕನೂ ಫೋನಿನಲ್ಲಿ ಒಪ್ಪಿದಳು. ಈ ಸಲ ನಾನು ಮಡಿಕೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಒಂದು ಗಂಟೆ ಯಾರನ್ನೂ ಅಣಕಿಸಲಿಲ್ಲ. ಅಮ್ಮ ಬಂದು ಹಣೆ ಮುಟ್ಟಿ ಜ್ವರ ನೋಡಿದಳು.

ಪರೀಕ್ಷೆ ಗೆದ್ದಿತು. ಬರೀ ಸಕ್ಕರೆ ನೀರಿನ ನಳಿಕೆಯಲ್ಲಿ ಅಂಟು ಕಟ್ಟಿತ್ತು; ಕಷಾಯ ಬೆರೆಸಿದ್ದರಲ್ಲಿ ಹೆಚ್ಚೂಕಡಿಮೆ ಇರಲೇ ಇಲ್ಲ. ಗಿಡಗಳ ಕೆಲವು ಸತ್ವಗಳು ಕಿಣ್ವದ ಆಹಾರದಂತೆಯೇ ವೇಷ ಹಾಕಿ, ಕಂಪ್ಲಿ ಬಸ್ಸಿನ ಸೀಟಿಗೆ ನಾವು ಟವೆಲ್ ಎಸೆದಂತೆ, ಅದರ ಜಾಗ ಹಿಡಿದುಬಿಡುತ್ತವಂತೆ. ಸಸ್ಯಲೋಕದಲ್ಲೂ ನನ್ನ ಕುಲಬಾಂಧವರು! ಅಕ್ಕ ಮಾತ್ರ ನನ್ನ ಸಂಭ್ರಮಕ್ಕೆ ನೀರೆರಚಿದಳು: "ಜಾಲೀದು ಹಂಗೋ ಅಲ್ಲೋ, ಇನ್ನೂ ಗೊತ್ತಿಲ್ಲ. ನಿನ್ನ ತೂತಿಗಂತೂ ಡಾಕ್ಟ್ರೇ ಗತಿ."

ಹಲ್ಲು ತುಂಬಿಸಿಕೊಂಡು ಬಂದಿದ್ದೇನೆ. ಈಗ ಬೆಳಗಾದರೆ ಅದೇ ಮಡಿಕೆಯ ಮುಂದೆ ಅಜ್ಜಿಯ ಪಕ್ಕ ನಾನೂ ನಿಲ್ಲುತ್ತೇನೆ. ನಿನ್ನೆ ಆಕೆ ಥಟ್ಟನೆ ದವಡೆ ಹಿಡಿದು, ಮುಖ ಸೊಟ್ಟಗೆ ಮಾಡಿ, ಥೇಟು ನನ್ನಂತೆಯೇ ನರಳಿದಳು. ಮನೆಯೆಲ್ಲ ನಕ್ಕಿತು. ಉತ್ತರ ಕೊಡೋಣವೆಂದರೆ ನನ್ನ ಬಾಯಿ ತುಂಬ ಕಷಾಯ.