ಭಾವನ ನೀಲಿ ಸಿಲಿಂಡರು

ಹೋದ ತಿಂಗಳು ಶಿವಮೊಗ್ಗಕ್ಕೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ನನ್ನ ಬಾಯಲ್ಲಿ ಉಳಿದಿರುವುದೇ ಒಂಬತ್ತು ಹಲ್ಲು. ಅದರಲ್ಲಿ ಒಂದನ್ನು ಕೀಳಲು ಏನು ದೊಡ್ಡ ಸಿದ್ಧತೆ ಎಂದುಕೊಂಡಿದ್ದರೆ, ಮೊಮ್ಮಗಳ ವಯಸ್ಸಿನ ಡಾಕ್ಟರು, "ತುಂಬ ಹೆದರ್ಕೊಂಡಿದ್ದೀರಲ್ಲ ತಾತ, ಸ್ವಲ್ಪ ಗ್ಯಾಸ್ ಕೊಡ್ತೀನಿ" ಎಂದು ಮೂಗಿನ ಮೇಲೆ ರಬ್ಬರಿನ ಮುಸುಕು ಇಟ್ಟಳು. ರಬ್ಬರಿನ ವಾಸನೆಯ ಹಿಂದೆಯೇ ತೆಳ್ಳಗೆ ಒಂದು ಸಿಹಿ ವಾಸನೆ ಬಂತು. ಬೇರೆಯವರಾಗಿದ್ದರೆ ಹಾಯಾಗಿ ಕಣ್ಣು ಮುಚ್ಚುತ್ತಿದ್ದರೇನೋ. ನನಗೆ ಮಾತ್ರ ಹೊಟ್ಟೆಯೊಳಗೆ ಹಳೆಯ ಉರಿಯೊಂದು ಎದ್ದು ಕೂತಿತು. ಆ ಉರಿಗೆ ಕಾರಣ ನನ್ನ ಅಕ್ಕನ ಗಂಡ, ಸೊರಬದ ಮಹಾದೇವಪ್ಪ ಭಾವ.

ಭಾವನ ವಿಷಯಕ್ಕೆ ಬರುವ ಮೊದಲು ನಿಮಗೆ ನಮ್ಮ ಅಪ್ಪನ ಪರಿಚಯವಾಗಬೇಕು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪ ಶಿಕಾರಿಪುರದಲ್ಲಿ ಡಾಕ್ಟರು. ಜ್ವರಕ್ಕೂ ಅವರೇ, ಹೆರಿಗೆಗೂ ಅವರೇ, ಹಲ್ಲಿಗೂ ಅವರೇ. ಬೆಂಗಳೂರಿನಲ್ಲಿ ದಂತವೈದ್ಯರೊಬ್ಬರು ಕೆಲಸ ಬಿಡುವಾಗ ಅವರಿಂದ ನೈಟ್ರಸ್ ಆಕ್ಸೈಡ್ ಗ್ಯಾಸಿನ ನಾಲ್ಕು ನೀಲಿ ಸಿಲಿಂಡರುಗಳನ್ನು ತಂದುಕೊಂಡಿದ್ದರು. ಅದನ್ನು ಕೊಟ್ಟು ಹಲ್ಲು ಕಿತ್ತರೆ ನೋವು ಗೊತ್ತಾಗುವುದಿಲ್ಲ. ಆದರೆ ನಮ್ಮ ಕಡೆಯ ಜನ, "ಹಲ್ಲು ಹೋದ್ರ ಹೋಗ್ಲಿ, ಮೈಮ್ಯಾಲಿನ ಖಬರ್ ಹೋಗಬಾರದ್ರೀ" ಎನ್ನುತ್ತಿದ್ದರು. ಎಚ್ಚರ ತಪ್ಪುವ ಹೆದರಿಕೆಗೆ ಯಾರೂ ಒಪ್ಪದೆ ಸಿಲಿಂಡರುಗಳು ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದವು.

ಅಪ್ಪನ ಇನ್ನೊಂದು ಆಸ್ತಿ ಕಪ್ಪು ಕಾರು. ಅದು ನನಗಿಂತ ಮೂರೇ ವರ್ಷ ಚಿಕ್ಕದು, ಆರೋಗ್ಯದಲ್ಲಿ ಮಾತ್ರ ಅಜ್ಜನಿಗಿಂತ ಕಡೆ. ಪ್ರತಿ ಸಂತೆಯ ದಿನ ಅಪ್ಪ ಅದರಲ್ಲಿ ಸೊರಬಕ್ಕೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಊರು ಬಿಟ್ಟು ಐದಾರು ಮೈಲಿಗೆ ಒಂದು ಏರು. ಅಲ್ಲಿ ಕಾರು ಅರ್ಧ ಹತ್ತಿ, ನಿಟ್ಟುಸಿರು ಬಿಟ್ಟು, ಹಿಂದಕ್ಕೆ ಜಾರುತ್ತಿತ್ತು. ಆಗ ನನ್ನ ಉದ್ಯೋಗ ಶುರು. ಮರದ ತುಂಡೊಂದನ್ನು ಹಿಡಿದು ಕಾರಿನ ಹಿಂದೆ ನಡೆಯುವುದು, ಅದು ನಿಂತಲ್ಲಿ ಚಕ್ರದ ಹಿಂದೆ ತುಂಡು ಕೊಡುವುದು, ಮತ್ತೆ ನೂಕುವುದು. ನನಗಾಗ ಇಪ್ಪತ್ತಮೂರು. ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿದ್ದವನು. ಕಾರು ಹೊಡೆಯಲು ಬರುತ್ತಿತ್ತು, ಆದರೆ ಕೀಲಿ ಅಪ್ಪನ ಕೋಟಿನ ಒಳಜೇಬು ಬಿಟ್ಟು ಬರುತ್ತಿರಲಿಲ್ಲ. ನಗಬೇಡಿ, ಆ ಮರದ ತುಂಡಿನ ಬಗ್ಗೆ ನನಗೆ ಜಂಬವಿತ್ತು. ನಾನಿಲ್ಲದೆ ಅಪ್ಪ ಆ ಏರು ಹತ್ತಲಾರರು ಎಂಬುದೊಂದೇ ನನ್ನ ದೊಡ್ಡಸ್ತಿಕೆ.

ಅಂಥ ಹೊತ್ತಿನಲ್ಲಿ ಅಕ್ಕನ ಮದುವೆಯಾಗಿ ಭಾವ ಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ವಿಮಾನದ ಇಂಜಿನ್ ರಿಪೇರಿ ಕಲಿತವರು, ಆಮೇಲೆ ಸೊರಬಕ್ಕೆ ಮರಳಿ ಅಕ್ಕಿ ಗಿರಣಿಯ ಇಂಜಿನ್ ನೋಡಿಕೊಂಡಿದ್ದರು. ಮೊದಲ ಸಲ ಮಾವನ ಮನೆಗೆ ಬಂದ ಅಳಿಯ ಹೋಳಿಗೆ ಉಂಡು ಮಲಗಬೇಕೋ ಬೇಡವೋ? ಇವರು ಮೂಲೆಯ ಸಿಲಿಂಡರುಗಳ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಮಾವಾರೆ, ಇದನ್ನ ಯುದ್ಧದಾಗೆ ವಿಮಾನದ ಇಂಜಿನ್ನಿಗೆ ಕೊಡ್ತಿದ್ರು. ಇಂಜಿನ್ನೂ ನಮ್ಮ ಹಂಗೇ ಉಸಿರಾಡ್ತದೆ. ಈ ಗ್ಯಾಸ್ ಕೊಟ್ರೆ ಅದಕ್ಕೆ ದಮ್ಮು ಹೆಚ್ಚಾಗ್ತದೆ. ಒಂದು ಸಿಲಿಂಡರ್ ಕೊಡಿ, ನಿಮ್ಮ ಕಾರು ಆ ಏರು ಹತ್ತದೆ ಇದ್ರೆ ಕೇಳಿ."

ಮಗನಿಗೆ ಕೀಲಿ ಕೊಡದ ಅಪ್ಪ ಅಳಿಯನಿಗೆ ಸಿಲಿಂಡರನ್ನೇ ಎತ್ತಿಕೊಟ್ಟರು. ನನ್ನ ಹೊಟ್ಟೆಕಿಚ್ಚಿಗೆ ಕಡ್ಡಿ ಗೀರಿದ್ದು ಅಲ್ಲಿ.

ಎರಡು ದಿನ ಭಾವ ಕಾರಿನ ಕೆಳಗೇ ಇದ್ದರು. ತಾಮ್ರದ ಸಣ್ಣ ಕೊಳವೆಗಳನ್ನು ಬಗ್ಗಿಸಿ, ಇಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರಿನ ಬಾಯಿಗೆ ಕೂಡಿಸಿದರು. ಸ್ಟೇರಿಂಗಿನ ಕೆಳಗೆ ಎರಡು ಪುಟ್ಟ ಹಿತ್ತಾಳೆ ನಲ್ಲಿ ಬಂದವು. "ತಮ್ಮಾ, ಬಾ ಇಲ್ಲಿ, ಈ ಎರಡು ನಲ್ಲಿ ಯಾಕೆ ಅಂತ ಹೇಳ್ಕೊಡ್ತೀನಿ" ಎಂದು ಕರೆದರು. "ಗೊತ್ತು ಬಿಡಿ ಭಾವ" ಎಂದೆ. ಏನೂ ಗೊತ್ತಿರಲಿಲ್ಲ. ಅವರಿಂದ ಕಲಿಯುವುದು ಬೇಕಿರಲಿಲ್ಲ, ಅಷ್ಟೇ.

ಮುಂದಿನ ಸಂತೆಗೆ ಕಾರು ಹೊರಟಿತು. ಸ್ಟೇರಿಂಗಿಗೆ ಭಾವ, ಪಕ್ಕದಲ್ಲಿ ಅಪ್ಪ, ಹಿಂದೆ ನಾನು ಮತ್ತು ಅಕ್ಕ. ಏರಿನ ಬುಡ ಬರುತ್ತಲೂ ನಾನು ಅಭ್ಯಾಸದ ಪ್ರಕಾರ ಮರದ ತುಂಡು ಹಿಡಿದು ಕೆಳಗಿಳಿದೆ. ಭಾವ ನಲ್ಲಿಗಳಿಗೆ ಕೈ ಹಾಕಿದರು. ಇಂಜಿನ್ನಿನ ದನಿ ಒಮ್ಮೆಲೇ ದಪ್ಪವಾಯಿತು. ಕಾರು ನನ್ನನ್ನು ಅಲ್ಲೇ ಬಿಟ್ಟು ಸರಸರ ಹತ್ತಿ, ನೆತ್ತಿ ದಾಟಿ, ಕಾಣದಾಯಿತು. ಧೂಳು ಇಳಿಯಿತು. ಯಾರೂ ಹಿಂತಿರುಗಿ ನೋಡಲಿಲ್ಲ. ತುಂಡು ಹಿಡಿದು ನಡುರಸ್ತೆಯಲ್ಲಿ ನಿಂತ ನನ್ನನ್ನು ಕುರಿ ಕಾಯುತ್ತಿದ್ದ ಮುದುಕನೊಬ್ಬ ನೋಡಿ, "ಕಾರು ಹೋತಲ್ಲೋ ಯಪ್ಪಾ" ಎಂದ. ನನಗೇನು ಕಣ್ಣಿರಲಿಲ್ಲವೇ?

ಏದುಸಿರು ಬಿಡುತ್ತ ಮೇಲೆ ಹೋಗಿ ನೋಡಿದರೆ ಬಾನೆಟ್ ತೆರೆದಿತ್ತು. ಗ್ಯಾಸು ಹಾದುಹೋಗಿ ತಣ್ಣಗಾದ ತಾಮ್ರದ ಕೊಳವೆಯ ಮೇಲೆ ಬೆಳ್ಳಗೆ ಮಂಜು ಕಟ್ಟಿತ್ತು. ಅಪ್ಪ ಅದನ್ನು ಬೆರಳಲ್ಲಿ ಕೆರೆದು, "ಬ್ಯಾಸಿಗ್ಯಾಗ ಮಂಜು ಬಂದೈತಿ ನೋಡ್ರೀ!" ಎಂದು ನಗುತ್ತಿದ್ದರು. ನಮ್ಮ ಅಪ್ಪ ನಗುವವರೇ ಅಲ್ಲ. ನಾನು ಹುಟ್ಟಿದಾಗಲೂ ನಕ್ಕಿರಲಿಲ್ಲವೆಂದು ಅವ್ವ ಹೇಳುತ್ತಿದ್ದಳು. ಆ ನಗು ಮುಗಿಯುವ ಮೊದಲೇ ಅಪ್ಪ ಕೀಲಿ ಭಾವನ ಹತ್ತಿರವೇ ಇರಲಿ ಎಂದರು. "ದವಾಖಾನಿ ಮಗ್ಗಲ ಶೆಡ್ಡು ಖಾಲಿ ಐತ್ರಿ ಮಹಾದೇವಪ್ಪ. ಸೊರಬದ ಗಿರಣಿ ಬಿಟ್ಟು ಬರ್ರಿ, ಅಲ್ಲೇ ನಿಮ್ದೊಂದು ವರ್ಕ್‌ಶಾಪ್ ಆಗ್ಲಿ" ಎಂದೂ ಹೇಳಿದರು. ಭಾವನ ಕಣ್ಣು ತುಂಬಿತು. ನನಗೆ ಆ ಮರದ ತುಂಡನ್ನು ಅವರ ಕಾಲ ಮೇಲೆ ಹಾಕಬೇಕೆನ್ನಿಸಿತು.

ಮುಂದಿನ ಕೆಲವು ವಾರ ನಾನು ಮನುಷ್ಯನಾಗಿರಲಿಲ್ಲ. ಊಟಕ್ಕೆ ಕೂತರೆ ಅಪ್ಪ ಎಷ್ಟು ಸಲ "ಮಹಾದೇವಪ್ಪ" ಎಂದರೆಂದು ಎಣಿಸುತ್ತಿದ್ದೆ. ಅವರ ಎಲೆಗೆ ಬಿದ್ದ ತುಪ್ಪ ನನ್ನ ಕಣ್ಣಿಗೆ ಬೀಳುತ್ತಿತ್ತು. ಅವರ ಉಗುರಿನ ಕಪ್ಪು ಎಣ್ಣೆಯನ್ನು ಆಡಿಕೊಂಡು ಅವ್ವನಿಂದ ಬೈಸಿಕೊಂಡೆ. ಭಾವನೋ, ವಾರ ವಾರ ಬಂದು ಸೊರಬಕ್ಕೆ ಮರಳುವಾಗ ಕೀಲಿಯನ್ನು ಪಡಸಾಲೆಯ ಮೊಳೆಗೆ ಎಲ್ಲರಿಗೂ ಕಾಣುವಂತೆ ನೇತುಹಾಕುತ್ತಿದ್ದರು. "ತಮ್ಮನಿಗೂ ಬೇಕಾಗ್ತದೆ" ಎನ್ನುತ್ತಿದ್ದರು. ಆ ಒಳ್ಳೆಯತನ ನನ್ನನ್ನು ಇನ್ನಷ್ಟು ಉರಿಸಿತು.

ಒಂದು ದಿನ ಅಪ್ಪ ಔಷಧಿ ತರಲು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದರು. ನಾನು ಕೀಲಿ ತೆಗೆದುಕೊಂಡು ಒಬ್ಬನೇ ಏರಿಗೆ ಹೋದೆ. ಭಾವ ಗ್ಯಾಸಿನ ನಲ್ಲಿಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದುದನ್ನು ನೋಡಿದ್ದೆ. ನಾನೇನು ಅವರಿಗಿಂತ ಕಡಿಮೆಯೇ? ಗ್ಯಾಸಿನ ನಲ್ಲಿಯನ್ನು ಪೂರ್ತಿ ತಿರುಗಿಸಿದೆ.

ಅಯ್ಯೋ, ಆ ಒಂದು ಗಳಿಗೆಯನ್ನು ನಿಮಗೆ ಹೇಗೆ ಹೇಳಲಿ! ಕಾರು ಹಾರಿತು. ಬೆನ್ನು ಸೀಟಿಗೆ ಅಂಟಿತು. ಆ ಏರಿನಲ್ಲಿ ಸದಾ ಎಂಟೋ ಹತ್ತೋ ಮೈಲಿ ತೋರಿಸುತ್ತಿದ್ದ ಸ್ಪೀಡಿನ ಮುಳ್ಳು ಐವತ್ತು ಮುಟ್ಟಿತು. ನಾನು ಖುಷಿಗೆ ಕೂಗಿದೆ. ಆಮೇಲೆ ಬಾನೆಟ್ಟಿನೊಳಗೆ ಠಣ್ ಎಂದಿತು, ಬಿಳಿ ಹೊಗೆ ಎದ್ದಿತು, ಇಂಜಿನ್ ಸತ್ತು ಕಾರು ಹಿಂದಕ್ಕೆ ಜಾರಿತು. ಚಕ್ರಕ್ಕೆ ತುಂಡು ಕೊಡಲು ಹಿಂದೆ ಯಾರೂ ಇರಲಿಲ್ಲ. ತುಂಡು ಕೊಡುವವನು ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದನಲ್ಲ! ಕಾರು ರಸ್ತೆಯ ಬದಿಯ ದಿಬ್ಬಕ್ಕೆ ಒರಗಿ ನಿಂತಿತು. ಮನೆಗೆ ಅದನ್ನು ಎತ್ತುಗಳು ಎಳೆದು ತಂದವು.

ಅಪ್ಪ ಬಂದೊಡನೆ ನಾನು ಅಂದೆ: "ಭಾವ ಕೂಡಿಸಿದ್ದ ಕೊಳವೇನೇ ಸರಿ ಇರಲಿಲ್ರೀ ಅಪ್ಪಾ." ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಭಾವ ಬಂದು ಇಂಜಿನ್ ಬಿಚ್ಚಿದರು. ಪಿಸ್ಟನ್ನಿನ ತಲೆಯಲ್ಲಿ ರೂಪಾಯಿ ಅಗಲದ ತೂತು. ಆಮೇಲೆ ಸ್ಟೇರಿಂಗಿನ ಕೆಳಗೆ ಕೈ ಹಾಕಿ ಎರಡನೆಯ ನಲ್ಲಿಯನ್ನು ಮುಟ್ಟಿದರು. ಅದು ಬಿಗಿಯಾಗಿ ಮುಚ್ಚಿತ್ತು. ಅದು ಹೆಚ್ಚಿನ ಪೆಟ್ರೋಲಿನ ನಲ್ಲಿ. ಗ್ಯಾಸಿನ ಜೊತೆಗೆ ಪೆಟ್ರೋಲನ್ನೂ ಹೆಚ್ಚಿಸದಿದ್ದರೆ ಇಂಜಿನ್ ತನ್ನನ್ನೇ ಸುಟ್ಟುಕೊಳ್ಳುತ್ತದಂತೆ. ನನಗೆ ಹೇಳಿಕೊಡಲು ಕರೆದಿದ್ದು ಅದನ್ನೇ. ಭಾವ ನನ್ನ ಮುಖ ನೋಡಿದರು. ಅಪ್ಪನ ಕಡೆ ತಿರುಗಿ, "ಹೌದು ಮಾವಾರೆ, ತಪ್ಪು ನಂದೇ" ಎಂದರು.

ಅಪ್ಪ ಕೂಗಾಡಲಿಲ್ಲ. ಮತ್ತೆ ಶೆಡ್ಡಿನ ಮಾತೆತ್ತಲಿಲ್ಲ, ಅಷ್ಟೇ. ಕೀಲಿಯನ್ನು ನನ್ನ ಕೈಗಿಟ್ಟು, "ಇನ್ನ ನೀನೇ ನೋಡ್ಕೋ" ಎಂದರು. ನೋಡಿಕೊಳ್ಳಲು ಏನಿತ್ತು? ಆ ಕಾರು ಮತ್ತೆ ಓಡಲಿಲ್ಲ. ಅದರ ಚಕ್ರಗಳು ಯಾರದೋ ಟೈರಿನ ಎತ್ತಿನಗಾಡಿಗೆ ಹೋದವು. ಭಾವ ವಯಸ್ಸಾಗುವವರೆಗೂ ಸೊರಬದ ಗಿರಣಿಯಲ್ಲೇ ಉಳಿದರು. ಬೇಕೆಂದದ್ದೆಲ್ಲ ನನಗೆ ಸಿಕ್ಕಿತ್ತು. ಆದರೂ ಹೊಟ್ಟೆಕಿಚ್ಚು ಹೋಗಲಿಲ್ಲ. ಮೊದಲು ಅವರ ಕೈಗುಣಕ್ಕೆ ಉರಿಯುತ್ತಿದ್ದೆ, ಆಮೇಲೆ ಅವರ ಆ ಒಂದು ಮಾತಿಗೆ. ಅವರ ಜಾಗದಲ್ಲಿದ್ದರೆ ಅಂಥ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಹಲ್ಲು ಕೀಳಿಸಿಕೊಂಡ ವಾರಕ್ಕೆ, ಪೆಟ್ಟಿಗೆಯ ತಳದಲ್ಲಿದ್ದ ಆ ಕೀಲಿಯನ್ನು ತೆಗೆದುಕೊಂಡು ಸೊರಬದ ಬಸ್ಸು ಹತ್ತಿದೆ. ಏರನ್ನು ಈಗ ಕಡಿದು ತಗ್ಗಿಸಿದ್ದಾರೆ. ಬಸ್ಸು ಗೇರು ಕೂಡ ಬದಲಿಸಲಿಲ್ಲ. ಭಾವನಿಗೀಗ ಕಿವಿ ಮಂದ. ಅವರ ಎದುರು ಕೂತು, ಅಕ್ಕನಿಗೂ ಕೇಳುವಂತೆ, ನಡೆದದ್ದನ್ನೆಲ್ಲ ಗಟ್ಟಿಯಾಗಿ ಹೇಳಿ ಕೀಲಿಯನ್ನು ಅವರ ಕೈಗಿಟ್ಟೆ. "ತಪ್ಪಾಯ್ತು ಭಾವ. ನಿಮ್ಮ ವರ್ಕ್‌ಶಾಪ್ ಕಳೆದೆ" ಎಂದೆ.

"ಪೆಟ್ರೋಲ್ ನಲ್ಲಿ ಮುಚ್ಚಿತ್ತಲ್ಲ, ಅವತ್ತೇ ಗೊತ್ತಾತು ಮಾರಾಯ" ಎಂದರು ಭಾವ. ಸ್ವಲ್ಪ ಹೊತ್ತು ಕೀಲಿಯನ್ನು ತಿರುವಿ ತಿರುವಿ ನೋಡಿದರು. ಆಮೇಲೆ ಮುಂದಕ್ಕೆ ಬಾಗಿ, "ಅದಿರ್ಲಿ. ಗ್ಯಾಸು ಎಷ್ಟು ಬಿಟ್ಟಿದ್ದೆ?" ಎಂದರು.

"ಪೂರ್ತಿ."

"ಪೂರ್ತಿ? ಮುಳ್ಳು ಎಲ್ಲಿಗೆ ಹೋತು?"

"ಐವತ್ತು, ಭಾವ."

"ಏರಲ್ಲಿ?"

"ಏರಲ್ಲೇ."

ಭಾವನ ಮುಖ ಮೆಲ್ಲಗೆ ಬಿಗಿದುಕೊಂಡಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಎಷ್ಟೋ ವರ್ಷ ಕನ್ನಡಿಯಲ್ಲಿ ನೋಡಿದ್ದೇನೆ. "ನಂಗೆ ಅರ್ಧ ಸುತ್ತಿಗಿಂತ ಮೇಲೆ ಬಿಡಕ್ಕೆ ಒಂದಿನನೂ ಧೈರ್ಯ ಬರ್ಲಿಲ್ಲ. ಮಾವಾರು ಪಕ್ಕದಾಗೇ ಕೂತಿರ್ತಿದ್ರು" ಎಂದು ಅಕ್ಕನ ಕಡೆ ತಿರುಗಿದರು. "ಕೇಳಿದ್ಯೇನೇ? ಇವ್ನು ಏರಲ್ಲಿ ಐವತ್ತು ಹೋಗಿದ್ನಂತೆ!"

ಅಕ್ಕ ಕಾಫಿ ತಂದಳು. ಭಾವ ತಮ್ಮ ಲೋಟ ತೆಗೆದುಕೊಂಡು, ನನಗೆ ಬೆನ್ನು ತಿರುಗಿಸಿ ಕೂತು ಕುಡಿದರು.